1941ರ ಪ್ರಶಸ್ತಿ ಅಲಬಾಮಾದ ಲೆಕ್ಕದಲ್ಲಿ ಇರಬೇಕೆ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ತಾನು 18 ಬಾರಿ ರಾಷ್ಟ್ರೀಯ ಚಾಂಪಿಯನ್ ಎಂದು ಅಲಬಾಮಾ ವಿಶ್ವವಿದ್ಯಾಲಯ ಹೇಳಿಕೊಳ್ಳುತ್ತದೆ. ಆ ಪಟ್ಟಿಯಿಂದ 1941ನ್ನು ಕೈಬಿಡಬೇಕೆಂಬ ವಾದಕ್ಕೆ ಇಲ್ಲಿ ಒಬ್ಬರು ಪರ, ಇನ್ನೊಬ್ಬರು ವಿರೋಧ.

ಪರ: ಕೈಬಿಡಲೇಬೇಕು

ನಾನು ಈ ವಿಶ್ವವಿದ್ಯಾಲಯವಿರುವ ಟಸ್ಕಲೂಸಾದಲ್ಲಿ ಎರಡು ವರ್ಷ ಎಂ.ಎಸ್. ಓದಿದವನು. ಶರತ್ಕಾಲದ ಶನಿವಾರಗಳಂದು ಇಡೀ ಊರು ಕಡುಗೆಂಪು ಬಟ್ಟೆ ತೊಟ್ಟು ಬ್ರಯಂಟ್-ಡೆನ್ನಿ ಕ್ರೀಡಾಂಗಣದತ್ತ ಹೊರಡುತ್ತದೆ. ಈ ಆಟದ ಗಂಧಗಾಳಿಯೂ ಇಲ್ಲದೆ ಅಲ್ಲಿಗೆ ಹೋಗಿದ್ದ ನಾನೂ ಮೊದಲ ತಿಂಗಳಲ್ಲೇ ತಂಡದ ಘೋಷಣೆಯಾದ ‘ರೋಲ್ ಟೈಡ್’ ಎಂದು ಕೂಗತೊಡಗಿದ್ದೆ. ಇಂದಿಗೂ ಅದೇ ತಂಡದ ಅಭಿಮಾನಿ. ಆದ್ದರಿಂದಲೇ ಹೇಳುತ್ತಿದ್ದೇನೆ, 1941ರ ಪ್ರಶಸ್ತಿ ನಮ್ಮದಲ್ಲ.

ಆ ವರ್ಷ ಅಲಬಾಮಾ ಒಂಬತ್ತು ಪಂದ್ಯ ಗೆದ್ದು ಎರಡರಲ್ಲಿ ಸೋತಿತು. ಮಿಸಿಸಿಪಿ ಸ್ಟೇಟ್ ಎದುರು 14-0, ವ್ಯಾಂಡರ್‌ಬಿಲ್ಟ್ ಎದುರು 7-0. ಸೋತ ಎರಡೂ ಪಂದ್ಯಗಳಲ್ಲಿ ನಮ್ಮವರಿಗೆ ಒಂದು ಅಂಕವೂ ದಕ್ಕಲಿಲ್ಲ. ನಮ್ಮನ್ನು ಸೋಲಿಸಿದ ಮಿಸಿಸಿಪಿ ಸ್ಟೇಟೇ ಆ ಸಾಲಿನಲ್ಲಿ ನಮ್ಮ ಪ್ರಾದೇಶಿಕ ಒಕ್ಕೂಟವಾದ ಎಸ್‌ಇಸಿಯ ಚಾಂಪಿಯನ್ ಆಯಿತು, ಮತ್ತು ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಎಸ್‌ಇಸಿ ಪ್ರಶಸ್ತಿ ಎಂಬುದು ಅದೊಂದೇ. ಪತ್ರಕರ್ತರ ಮತಗಳಿಂದ ಸಿದ್ಧವಾಗುವ ಅಸೋಸಿಯೇಟೆಡ್ ಪ್ರೆಸ್ ಪಟ್ಟಿಯಲ್ಲಿ ಮೊದಲ ಸ್ಥಾನ ಎಂಟಕ್ಕೆ ಎಂಟೂ ಗೆದ್ದ ಮಿನೆಸೋಟಕ್ಕೆ ಸಿಕ್ಕಿತು. ಅಲಬಾಮಾ ಇದ್ದದ್ದು 20ನೆಯ ಸ್ಥಾನದಲ್ಲಿ. ಇಷ್ಟಾಗಿ, 1942ರ ಜನವರಿ 1ರಂದು ನಡೆದ ಕಾಟನ್ ಬೌಲ್ ಪಂದ್ಯದಲ್ಲಿ (ಋತುವಿನ ಕೊನೆಯಲ್ಲಿ ಆಯ್ದ ತಂಡಗಳ ನಡುವೆ ನಡೆಯುವ ಪಂದ್ಯಗಳಿಗೆ ಬೌಲ್ ಎನ್ನುತ್ತಾರೆ) ಟೆಕ್ಸಾಸ್ ಎ ಅಂಡ್ ಎಂ ತಂಡವನ್ನು 29-21ರಿಂದ ಸೋಲಿಸಿದೆವಲ್ಲ ಎನ್ನಬಹುದು. ಸೋಲಿಸಿದೆವು, ನಿಜ. ಆದರೆ ನಾಲ್ಕು ಯತ್ನಗಳೊಳಗೆ ಚೆಂಡನ್ನು ಹತ್ತು ಗಜ ಮುಂದೊಯ್ದರೆ ಸಿಗುವ ‘ಫಸ್ಟ್ ಡೌನ್’ ಇಡೀ ಪಂದ್ಯದಲ್ಲಿ ನಮಗೆ ಸಿಕ್ಕಿದ್ದು ಒಂದೇ ಒಂದು ಸಲ. ಎದುರಾಳಿಗಳು ಎಸೆದ ಚೆಂಡುಗಳಲ್ಲಿ ಏಳು ನೇರವಾಗಿ ನಮ್ಮವರ ಕೈಗೇ ಬಂದು ಬಿದ್ದವು.

ಹಾಗಾದರೆ ಈ ತಂಡವನ್ನು ಚಾಂಪಿಯನ್ ಎಂದವರು ಯಾರು? ಡೀಕ್ ಹೌಲ್‌ಗೇಟ್ ಎಂಬವರ ಗಣಿತ ಸೂತ್ರ. ಅದೂ ಆ ಕಾಲದಲ್ಲಿ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಬಂದಿರಲಿಲ್ಲ. ತರಬೇತುದಾರ ಪಾಲ್ ‘ಬೇರ್’ ಬ್ರಯಂಟ್ ಅವರ ಕಾಲದಲ್ಲಿ ಅಲಬಾಮಾ ಎಣಿಸುತ್ತಿದ್ದದ್ದು ಅವರೇ ಗೆದ್ದುಕೊಟ್ಟ ಆರು ಪ್ರಶಸ್ತಿಗಳನ್ನು ಮಾತ್ರ. 1980ರ ದಶಕದಲ್ಲಿ ವಿಶ್ವವಿದ್ಯಾಲಯದ ಕ್ರೀಡಾ ಮಾಹಿತಿ ವಿಭಾಗ ತನ್ನ ಕೈಪಿಡಿಯಲ್ಲಿ 1925, 1926, 1930, 1934 ಮತ್ತು 1941ನ್ನು ಸೇರಿಸಿತು. ಆರು ಇದ್ದದ್ದು ಹನ್ನೊಂದಾಯಿತು. ಮೊದಲ ನಾಲ್ಕರ ಬಗ್ಗೆ ನನಗೆ ತಕರಾರಿಲ್ಲ, ಏಕೆಂದರೆ ಆ ನಾಲ್ಕು ವರ್ಷಗಳಲ್ಲಿ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಐದನೆಯದು ಅವುಗಳ ನೆರಳಿನಲ್ಲಿ ಒಳಗೆ ಬಂದಿತು.

ಒಮ್ಮೆ ಅಪ್ಪ ನನ್ನನ್ನು ನೋಡಲು ಬಂದಿದ್ದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ತಿರುವಿದವರು. ಕ್ರೀಡಾಂಗಣದ ಮುಂದೆ ಚಾಂಪಿಯನ್ ಆದ ವರ್ಷಗಳನ್ನು ಕೊರೆದ ಕಲ್ಲುಗಳಿವೆ, ಪ್ರಶಸ್ತಿ ತಂದ ಐವರು ತರಬೇತುದಾರರ ಪ್ರತಿಮೆಗಳಿವೆ. ದಾರಿಬದಿಯಲ್ಲಿ ಕೊಂಡ ಬೇಯಿಸಿದ ಕಡಲೆಕಾಯಿಯ ಪೊಟ್ಟಣ (ನಮ್ಮೂರಿನಂತೆಯೇ ಅಲ್ಲಿಯೂ ಉಪ್ಪು ಹಾಕಿ ಬೇಯಿಸುತ್ತಾರೆ) ಅಪ್ಪನ ಕೈಯಲ್ಲಿತ್ತು. ನಾನು ಉತ್ಸಾಹದಿಂದ ಒಂದೊಂದೇ ವರ್ಷದ ಕಥೆ ಹೇಳುತ್ತ ಹೋದೆ. ಅವರು ಸಿಪ್ಪೆಗಳನ್ನು ಜೇಬಿಗೆ ಹಾಕಿಕೊಳ್ಳುತ್ತ ಕೇಳುತ್ತ ಬಂದರು. 1941ಕ್ಕೆ ಬಂದಾಗ, “ಫೈನಲ್‌ನಲ್ಲಿ ಯಾರನ್ನು ಸೋಲಿಸಿದರು?” ಎಂದರು. ಆಗ ಫೈನಲ್ ಇರಲಿಲ್ಲ ಎಂದೆ. “ಕಪ್ಪು ಯಾರ ಕೈಯಿಂದ ತೆಗೆದುಕೊಂಡರು?” ಯಾರೂ ಕೊಡಲಿಲ್ಲಪ್ಪ, ಆಮೇಲೆ ನಾವೇ ಬರೆದುಕೊಂಡದ್ದು ಎಂದೆ. ಅಪ್ಪ ಒಂದು ಕ್ಷಣ ಆ ಕಲ್ಲನ್ನೇ ನೋಡಿ, “ಆಡಿಟ್‌ನವರು ಒಪ್ಪುತ್ತಾರೇನೋ?” ಎಂದು ಇನ್ನೊಂದು ಕಡಲೆಕಾಯಿ ಬಿಡಿಸಿದರು. ಅಂದಿನಿಂದ ಯಾರಾದರೂ ಹದಿನೆಂಟು ಎಂದು ಕೂಗಿದಾಗಲೆಲ್ಲ ನಾನು ಮನಸ್ಸಿನಲ್ಲೇ ಹದಿನೇಳು ಎಂದುಕೊಳ್ಳುತ್ತೇನೆ.

ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಈ ಉನ್ನತ ಹಂತದ ಫುಟ್‌ಬಾಲ್‌ಗೆ ತಾನಾಗಿ ಪ್ರಶಸ್ತಿಯನ್ನೇ ಕೊಡುವುದಿಲ್ಲ, ಆದ್ದರಿಂದ ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು ಎನ್ನುವವರಿದ್ದಾರೆ. ಮನೆಗೆ ಬೀಗವಿಲ್ಲವೆಂದು ಒಳಗಿನ ಪಾತ್ರೆಯೆಲ್ಲ ತನ್ನದೇ ಎನ್ನುವವರ ವಾದವಿದು. ಇದಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ನೋಟ್ರ ಡಾಮ್ ವಿಶ್ವವಿದ್ಯಾಲಯವನ್ನು ನೋಡಿ. 1953ರಲ್ಲಿ ಒಂದೂ ಪಂದ್ಯ ಸೋಲದಿದ್ದರೂ, ಕೆಲವು ಪಟ್ಟಿಗಳು ಅವರನ್ನೇ ಚಾಂಪಿಯನ್ ಎಂದಿದ್ದರೂ, ಆ ವರ್ಷವನ್ನು ಎಣಿಸದೆ ಅವರು ಹನ್ನೊಂದಕ್ಕೇ ನಿಂತಿದ್ದಾರೆ. ನಮ್ಮ ತರಬೇತುದಾರರಾಗಿದ್ದ ನಿಕ್ ಸೇಬನ್ ಅವರು 2009ರಿಂದ 2020ರೊಳಗೆ ಆರು ಪ್ರಶಸ್ತಿಗಳನ್ನು ಮೈದಾನದಲ್ಲೇ ಗೆದ್ದುಕೊಟ್ಟ ಮೇಲೂ, 20ನೆಯ ಸ್ಥಾನದ ತಂಡವೊಂದನ್ನು ಎಣಿಕೆಗೆ ಹಿಡಿಯುವ ಬಡತನ ನಮಗೇಕೆ?

ವಿರೋಧ: ಇರಲಿ ಬಿಡಿ

ಈ ಪಕ್ಷವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಸಂಪಾದಕರು ಕೇಳಿದರು, ಒಪ್ಪಿಕೊಂಡೆ. ಹದಿನೈದು ವರ್ಷಗಳಿಂದ ಮಿಷಿಗನ್‌ನಲ್ಲಿರುವ ನನಗೆ ಅಲಬಾಮಾದ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ. ಆದರೂ ಹೇಳಬೇಕಾದ ಮಾತು ಕೆಲವಿವೆ.

ತನ್ನ ಒಕ್ಕೂಟವನ್ನೇ ಗೆಲ್ಲದ ತಂಡ ದೇಶವನ್ನು ಹೇಗೆ ಗೆದ್ದೀತು ಎಂಬ ಧಾಟಿ ಪರ ಲೇಖನದಲ್ಲಿದೆ. 2011ರಲ್ಲಿ ಎಸ್‌ಇಸಿ ಗೆದ್ದದ್ದು ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ), 2017ರಲ್ಲಿ ಜಾರ್ಜಿಯಾ. ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆದದ್ದು ಮಾತ್ರ ಅಲಬಾಮಾ. ಅವನ್ನೂ ಕೈಬಿಡಬೇಕೆ? ಇನ್ನು ಪತ್ರಕರ್ತರ ಪಟ್ಟಿಯೇ ಪ್ರಮಾಣ ಎನ್ನುವುದಾದರೆ 1964ನ್ನು ನೋಡಿ. ಅಂದು ಬೌಲ್ ಪಂದ್ಯಗಳಿಗೂ ಮೊದಲೇ ಮತ ಹಾಕಿ ಮುಗಿಸುತ್ತಿದ್ದರು. ಅಲಬಾಮಾವನ್ನು ಚಾಂಪಿಯನ್ ಎಂದು ಘೋಷಿಸಿದ್ದೂ ಆಯಿತು, ಅದು ಆರೆಂಜ್ ಬೌಲ್‌ನಲ್ಲಿ ಟೆಕ್ಸಾಸ್‌ಗೆ 21-17ರಿಂದ ಸೋತದ್ದೂ ಆಯಿತು, ಒಂದೂ ಪಂದ್ಯ ಸೋಲದ ಆರ್ಕನ್ಸಾ ಬೇರೊಂದು ಪ್ರಶಸ್ತಿಯಿಂದ ಸಮಾಧಾನಪಟ್ಟುಕೊಂಡದ್ದೂ ಆಯಿತು. ಪರ ಲೇಖಕರು ಈ 1964ರ ಬಗ್ಗೆ ಚಕಾರವೆತ್ತಿಲ್ಲ. ಪ್ರಿನ್ಸ್‌ಟನ್ 28, ಯೇಲ್ 27 ಎಂದು ಎಣಿಸಿಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ಬೆರಳೆಣಿಕೆಯ ಕಾಲೇಜುಗಳು ಮಾತ್ರ ಈ ಆಟ ಆಡುತ್ತಿದ್ದ ಕಾಲದವು. ಒಬ್ಬರ ಲೆಡ್ಜರ್ ತೆರೆದರೆ ಎಲ್ಲರದ್ದನ್ನೂ ತೆರೆಯಬೇಕಾಗುತ್ತದೆ.

ನನ್ನನ್ನು ನಿಜವಾಗಿ ಕಾಡುವುದು 1966. ನಮ್ಮ ಬೀದಿಯಲ್ಲಿರುವ ಹಿರಿಯರೊಬ್ಬರು ಆ ನವೆಂಬರ್ 19ರಂದು ಈಸ್ಟ್ ಲ್ಯಾನ್ಸಿಂಗ್‌ನ ಕ್ರೀಡಾಂಗಣದಲ್ಲಿದ್ದರಂತೆ. ಮಿಷಿಗನ್ ಸ್ಟೇಟ್ ಮತ್ತು ನೋಟ್ರ ಡಾಮ್ 10-10ರಲ್ಲಿ ಸಮ ಮಾಡಿಕೊಂಡ ಪಂದ್ಯವದು. ಕೊನೆಯ ನಿಮಿಷಗಳಲ್ಲಿ ನೋಟ್ರ ಡಾಮ್ ಗೆಲ್ಲಲು ಯತ್ನಿಸದೆ ಸಮಯ ತಳ್ಳಿದ್ದನ್ನು ಹಿಮ ಗೋರುತ್ತ ಗೋರುತ್ತ, ಸಲಿಕೆ ಊರಿ ನಿಂತು, ಪ್ರತಿ ಚಳಿಗಾಲ ನನಗೆ ವಿವರಿಸುತ್ತಾರೆ; ಅವರ ಸಿಟ್ಟು ಇನ್ನೂ ಆರಿಲ್ಲ. ಸಮ ಮಾಡಿಕೊಂಡ ಆ ಎರಡೂ ವಿಶ್ವವಿದ್ಯಾಲಯಗಳು 1966ನ್ನು ತಮ್ಮ ಪ್ರಶಸ್ತಿಯೆಂದೇ ಎಣಿಸುತ್ತವೆ. ಹನ್ನೊಂದಕ್ಕೆ ಹನ್ನೊಂದೂ ಗೆದ್ದು, ಶುಗರ್ ಬೌಲ್‌ನಲ್ಲಿ ನೆಬ್ರಾಸ್ಕಾವನ್ನು 34-7ರಿಂದ ಸೋಲಿಸಿದ ಅಲಬಾಮಾಕ್ಕೆ ಸಿಕ್ಕಿದ್ದು ಮೂರನೆಯ ಸ್ಥಾನ. ಅಂದು ಆ ತಂಡದಲ್ಲಿ ಒಬ್ಬನೂ ಕಪ್ಪು ಆಟಗಾರನಿರಲಿಲ್ಲ ಎಂಬುದು ಮತದಾರರ ಮನಸ್ಸಿನಲ್ಲಿತ್ತು ಎನ್ನುವವರಿದ್ದಾರೆ; ಇದ್ದರೆ ಅದು ಅನ್ಯಾಯವೆಂದು ನಾನೂ ಹೇಳಲಾರೆ. ಆದರೆ ಆ ವರ್ಷವನ್ನು ಅಲಬಾಮಾ ತನ್ನ ಹದಿನೆಂಟರಲ್ಲಿ ಎಣಿಸಿಲ್ಲ ಎಂಬುದನ್ನು ಗಮನಿಸಬೇಕು.

1941ರ ತಂಡ ದೇಶದಲ್ಲೇ ಶ್ರೇಷ್ಠವಾಗಿತ್ತೆ ಎಂದು ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಪರ ಲೇಖಕರಿಗೆ ಆ ಕಲ್ಲನ್ನು ಕೀಳಲೇಬೇಕೆಂದಿದ್ದರೆ ಕೀಳಲಿ. ಅದೇ ಜಾಗದಲ್ಲಿ 1966 ಎಂದು ಕೊರೆದ ಕಲ್ಲನ್ನು ನೆಟ್ಟರೆ ಮೊತ್ತ ಮತ್ತೆ ಹದಿನೆಂಟೇ ಆಗುತ್ತದೆ.