ರಾಯರು ಮತ್ತು ಎರಡನೇ ಚಂದ್ರ

ಎರಡನೇ ಚಂದ್ರನನ್ನು ಕಂಡುಹಿಡಿದವರ ಮೇಲೆ ನನಗೇನೂ ಸಿಟ್ಟಿಲ್ಲ. ಹವಾಯಿಯ ಹಲೇಕಲಾ ಬೆಟ್ಟದ ನೆತ್ತಿಯಲ್ಲಿ ಕೂತ ಪ್ಯಾನ್-ಸ್ಟಾರ್ಸ್ ದೂರದರ್ಶಕಕ್ಕೆ ರಾತ್ರಿಯೆಲ್ಲ ಆಕಾಶ ಜಾಲಾಡುವುದೇ ಕೆಲಸ. 2025ರ ಆಗಸ್ಟಿನಲ್ಲಿ ಅದರ ಕಣ್ಣಿಗೊಂದು ಪುಟ್ಟ ಕ್ಷುದ್ರಗ್ರಹ ಬಿತ್ತು. ಪಾಪ, ಅದಕ್ಕೆ 2025 ಪಿಎನ್7 ಎಂದು ಯಾರ ನಿದ್ದೆಯನ್ನೂ ಕೆಡಿಸದ ಹೆಸರಿಟ್ಟು ಸುಮ್ಮನಿದ್ದರು. ನನ್ನ ಸಿಟ್ಟೆಲ್ಲ ಅದನ್ನು ‘ಭೂಮಿಗೆ ಎರಡನೇ ಚಂದ್ರ!’ ಎಂದು ಕೆಂಪಕ್ಷರದಲ್ಲಿ, ಢಣ್ ಢಣ್ ಸದ್ದಿನ ಜೊತೆ ತೋರಿಸಿದ ಟಿವಿಯವರ ಮೇಲೆ. ಅದನ್ನು ನಮ್ಮ ಕೆಳಗಿನ ಮನೆಯ ರಾಯರು ನೋಡಿಬಿಟ್ಟರು. ನಮ್ಮನೆಯಲ್ಲಿ ಟೆಲಿಸ್ಕೋಪ್ ಇರುವುದು ರಾಯರಿಗೆ ಗೊತ್ತು.

ಮಗನ ಹುಟ್ಟುಹಬ್ಬಕ್ಕೆ ತಂದ ಟೆಲಿಸ್ಕೋಪ್ ಅದು. ಅದರಲ್ಲಿ ಚಂದ್ರ ಕಾಣುತ್ತಾನೆ, ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕ್ ತುಂಬಿ ಹರಿಯುವುದು ಕಾಣುತ್ತದೆ. ಎಲ್ಲೋ ಕತ್ತಲಲ್ಲಿ ತೇಲುತ್ತಿರುವ ಇಪ್ಪತ್ತು ಮೀಟರಿನಷ್ಟು ಬಂಡೆ ಕಾಣುವುದಿಲ್ಲ. ಹಾಗಂದರೆ ರಾಯರು, “ನೀವು ಫೋಕಸ್ ಸರಿಯಾಗಿ ಮಾಡಿಲ್ಲ ಸಾರ್” ಎಂದರು.

ರಾಯರ ಅಭ್ಯಾಸ ಹೇಳಬೇಕು. ಅವರು ಯಾವ ಪ್ರಶ್ನೆಯನ್ನೂ ಒಂದು ಸಲ ಕೇಳಿದವರಲ್ಲ. ಬೆಳಗ್ಗೆ ಪಾರ್ಕಿನಲ್ಲಿ ಕೇಳುತ್ತಾರೆ, ಉತ್ತರಕ್ಕೆ “ಸರಿ ಸರಿ” ಎಂದು ತಲೆಯಾಡಿಸಿ ಮುಂದೆ ಹೋಗುತ್ತಾರೆ, ಮುಂದಿನ ಸುತ್ತಿಗೆ ಅದೇ ಪ್ರಶ್ನೆ ಹಿಡಿದು ಹಾಜರ್.

“ನಮ್ಮನೇವ್ರು ಸಂಕಷ್ಟಿ ಮಾಡ್ತಾರೆ. ಈಗ ಯಾವ ಚಂದ್ರನ್ನ ನೋಡಿ ಊಟ ಮಾಡ್ಬೇಕು?”

“ಹಳೇದೇ ಸಾಕು ರಾಯರೇ.”

“ಸರಿ ಸರಿ. ಚೌತಿ ದಿನ ಇದನ್ನ ನೋಡಿದ್ರೂ ಅಪವಾದ ಬರುತ್ತಾ?”

“ಅದು ಕಾಣೋದೇ ಇಲ್ಲವಲ್ಲ!”

“ಕಾಣದೇ ನೋಡ್ಬಿಟ್ಟಿದ್ರೆ?”

ಇದಕ್ಕೆ ನಾಸಾ ಬಳಿಯೂ ಉತ್ತರವಿರಲಿಕ್ಕಿಲ್ಲ.

ಒಂದು ದಿನ ತಾಳ್ಮೆ ತಪ್ಪಿ, ಅದು ಭೂಮಿಯನ್ನು ಸುತ್ತುವುದೇ ಇಲ್ಲ ಎಂದೆ. ಅದು ಸುತ್ತುವುದು ಸೂರ್ಯನನ್ನು, ಹೆಚ್ಚುಕಡಿಮೆ ನಮ್ಮಷ್ಟೇ ಸಮಯದಲ್ಲಿ. ಅರ್ಥವಾಗಲಿ ಎಂದು ಪಾರ್ಕನ್ನೇ ತೋರಿಸಿದೆ. ನಾವಿಬ್ಬರೂ ಸುತ್ತುತ್ತಿರುವುದು ನಡುವಿನ ಅರಳಿಮರವನ್ನು. ನಾನು ಕಾಲುದಾರಿ ಬಿಡುವುದಿಲ್ಲ. ನೀವು ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ಒಳಗಿನಿಂದ ಬೇಗ ಬೇಗ ಹೋಗಿ ನನಗಿಂತ ಮುಂದಾಗ್ತೀರಿ, ಆಮೇಲೆ ಹೊರಗಿನ ಬೇಲಿಯ ಕಡೆಯಿಂದ ನಿಧಾನಿಸಿ ಹಿಂದೆ ಬೀಳ್ತೀರಿ. ನನ್ನ ಕಣ್ಣಿಗೆ ನೀವು ನನ್ನನ್ನೇ ಸುತ್ತಿದ ಹಾಗೆ. ನಿಜಕ್ಕೂ ನಿಮಗೂ ನನಗೂ ಸಂಬಂಧವೇ ಇಲ್ಲ.

ಕೊನೆಯ ವಾಕ್ಯವನ್ನು ಸ್ವಲ್ಪ ಒತ್ತಿಯೇ ಹೇಳಿದ್ದೆ. ರಾಯರ ಮುಖ ಅರಳಿತು. ಸಂಜೆಯೊಳಗೆ ಗೇಟಿನ ಸೆಕ್ಯುರಿಟಿಯಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ತಾವೇ ನನ್ನ ಎರಡನೇ ಚಂದ್ರ ಎಂದು ಸಾರಿದ್ದರು.

ಇಂಥ ಹಾದಿಯ ಕಲ್ಲುಗಳಿಗೆ ಖಗೋಳದವರು ಅರ್ಜುನ ಗುಂಪು ಅನ್ನುತ್ತಾರೆಂದು ಬಾಯಿಬಿಟ್ಟೆ. “ನೋಡಿದ್ರಾ, ನಮ್ಮೋರೇ!” ಹಾಗಾದರೆ ಲಾರಿ ನಂಬರಿನಂಥ ಹೆಸರೇಕೆ? ಕಕ್ಷೆಯ ಲೆಕ್ಕ ಖಚಿತವಾದ ಮೇಲೆ ಕ್ರಮಸಂಖ್ಯೆ, ಆಮೇಲಷ್ಟೇ ಹೆಸರು. 1988ರಲ್ಲಿ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಲ್ಲಿ ಖಗೋಳ ವಿಜ್ಞಾನಿ ಆರ್. ರಾಜಮೋಹನ್ ಕಂಡ ಕ್ಷುದ್ರಗ್ರಹ, ಗಣಿತಜ್ಞರ ಹೆಸರು ಹೊತ್ತು 4130 ರಾಮಾನುಜನ್ ಆದದ್ದು ಹಾಗೆ ಎಂದೆ. ಗಣಿತದಲ್ಲಿ ತಮಗೂ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದಿತ್ತು ಎಂದು ರಾಯರು ನೆನಪಿಸಿಕೊಂಡರು.

ಸ್ಪೇನಿನ ಖಗೋಳ ವಿಜ್ಞಾನಿಗಳಾದ ದೆ ಲಾ ಫುಯೆಂತೆ ಮಾರ್ಕೋಸ್ ಸೋದರರ ಲೆಕ್ಕದಂತೆ ಈ ಬಂಡೆ ಸುಮಾರು ಅರವತ್ತು ವರ್ಷಗಳಿಂದ ಹೀಗೆ ನಮ್ಮ ಜೊತೆಗಿದೆ. 2014ರಷ್ಟು ಹಿಂದಿನ ಚಿತ್ರಗಳಲ್ಲೂ ಅದರ ಗುರುತು ಸಿಕ್ಕಿತು, ಆಗ ಯಾರೂ ಗಮನಿಸಿರಲಿಲ್ಲ ಅಷ್ಟೆ. ಅಪ್ಪ ಅಂಗಳದಲ್ಲಿ ಚಾಪೆ ಹಾಸಿ ಸಪ್ತರ್ಷಿ ಮಂಡಲ ತೋರಿಸುತ್ತಿದ್ದ ರಾತ್ರಿಗಳಲ್ಲೂ ಅದು ಅಲ್ಲೇ ಎಲ್ಲೋ ಹಿಂದೆಮುಂದೆ ಓಡಾಡುತ್ತಿತ್ತು. ಅಪ್ಪನಿಗೆ ಗೊತ್ತಾಗಿದ್ದರೆ ಎಷ್ಟು ಖುಷಿಪಡುತ್ತಿದ್ದರೋ. ಇನ್ನು 2083ರ ಸುಮಾರಿಗೆ ಅದು ಈ ಸಾಲು ಬಿಟ್ಟು ಬೇರೆ ದಾರಿ ಹಿಡಿಯುತ್ತದಂತೆ. ಆಗ ಅಂಗಳಕ್ಕೆ ಬರಲು ನಾನೂ ಇರುವುದಿಲ್ಲ.

“2083 ಅಂದ್ರೆ ಬೇಕಾದಷ್ಟು ಟೈಮಿದೆ” ಎಂದರು ರಾಯರು. “ನಿಧಾನಕ್ಕೇ ಫೋಕಸ್ ಮಾಡಿ ಸಾರ್.”

ಈಗ ಅವರ ಕೈಗೆ ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹ ಸಿಕ್ಕಿದೆ. 340 ಮೀಟರಿನಷ್ಟು ದೊಡ್ಡದು. 2029ರ ಏಪ್ರಿಲ್ 13ರಂದು ಭೂಮಿಯಿಂದ ಬರೀ 32 ಸಾವಿರ ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಇನ್ನೂ ನೂರು ವರ್ಷ ಅದರಿಂದ ಅಪಾಯವಿಲ್ಲ ಎಂದು 2021ರಲ್ಲೇ ರೇಡಾರಿನಲ್ಲಿ ಅಳೆದು ಹೇಳಿದ್ದಾರೆ ಎಂದೆ. “ಸರಿ ಸರಿ” ಎಂದು ಹೋದ ರಾಯರು ಒಂದೇ ಸುತ್ತಿಗೆ, ಮೊಬೈಲಿನಲ್ಲಿ ಪಂಚಾಂಗ ತೆರೆದುಕೊಂಡು ವಾಪಸಾದರು.

“ಅವತ್ತು ಶುಕ್ರವಾರ. ಅಮಾವಾಸ್ಯೆ ಬೇರೆ. ಮಾರನೇ ದಿನವೇ ಯುಗಾದಿ. ಈಗ್ಲೇ ಖಂಡಿತ ಹೇಳ್ಬಿಡಿ ಸಾರ್, ಒಬ್ಬಟ್ಟಿಗೆ ಬೇಳೆ ತರೋದಾ, ಬೇಡ್ವಾ?”