ಯೂರಿಯಾ ಎಷ್ಟು ಸುರಿದರೂ ನಡೆಯುತ್ತಾ? ಒಂದು ಸ್ಪಷ್ಟನೆ

ಡೊಂಬಿವಿಲಿಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಸುತ್ತುತ್ತಿದೆ: ‘ಬಾಲ್ಕನಿ ಕುಂಡಕ್ಕೆ ಎಷ್ಟು ಯೂರಿಯಾ ಹಾಕಿದರೂ ತೊಂದರೆಯಿಲ್ಲ. ಬೇರು ಒಳ್ಳೇದನ್ನೇ, ಬೇಕಾದಷ್ಟೇ ತಗೊಳ್ಳುತ್ತೆ.’ ಇದು ಅರ್ಧ ನಿಜ.

ಬೇರಿನ ಜೀವಕೋಶದ ಪೊರೆಯಲ್ಲಿ ಬಾಗಿಲಿನಂಥ ಪ್ರೋಟೀನ್‌ಗಳಿವೆ. ಯೂರಿಯಾದ ಸಾರಜನಕ ಮಣ್ಣಿನಲ್ಲಿ ಬಹುಪಾಲು ನೈಟ್ರೇಟ್ ಆಗಿ ಬದಲಾಗುತ್ತದೆ. ವಿಜ್ಞಾನಿಗಳು ಪ್ರಯೋಗಕ್ಕೆ ಬಳಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ನೈಟ್ರೇಟಿನ ಒಂದು ಬಾಗಿಲು ಎನ್‌ಆರ್‌ಟಿ1.1. ನೈಟ್ರೇಟ್ ಕಡಿಮೆಯಿದ್ದಾಗ ಅದರ 101ನೇ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಆಗ ಚೂರುಪಾರು ಸಿಕ್ಕರೂ ಹಿಡಿದೆಳೆಯುತ್ತದೆ. ಜಾಸ್ತಿಯಿದ್ದಾಗ ಫಾಸ್ಫೇಟ್ ಕಳಚಿ ಹಿಡಿತ ಸಡಿಲವಾಗುತ್ತದೆ, ಅಷ್ಟೇ. ಬಾಗಿಲು ಮುಚ್ಚುವುದಿಲ್ಲ. ಮೇಲಾಗಿ, ಮಣ್ಣಿನಲ್ಲಿ ಉಳಿದ ಗೊಬ್ಬರದ ಉಪ್ಪಿನಂಶ ಬೇರಿಗೆ ನೀರು ಸಿಗದಂತೆ ಮಾಡುತ್ತದೆ. ಎಲೆಯಂಚು ಸುಡುವುದು ಅದಕ್ಕೇ. (ನನ್ನ ಕರಿಬೇವು ಹೋಗಿದ್ದೂ ಹೀಗೇ!)

ಇನ್ನು ‘ಒಳ್ಳೇದನ್ನೇ’ ಅನ್ನುವ ಮಾತು. ಕಬ್ಬಿಣ ತರುವ ಐಆರ್‌ಟಿ1 ಪ್ರೋಟೀನ್, ಮಣ್ಣಿನಲ್ಲಿದ್ದರೆ ವಿಷದ ಕ್ಯಾಡ್ಮಿಯಂ ಅನ್ನೂ ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತದೆ.