ಸ್ಪಷ್ಟನೆ: ಸ್ಕೈರಿಮ್ ವಿಡಿಯೊ ಗೇಮ್‌ನಲ್ಲಿ ಪುಸ್ತಕವನ್ನು ಕೊನೆಯವರೆಗೂ ಓದಲೇಬೇಕಾ?

‘ಸ್ಕೈರಿಮ್‌ನಲ್ಲಿ ಪುಸ್ತಕದ ಎಲ್ಲ ಪುಟ ತಿರುವಿದರೆ ಮಾತ್ರ ಸ್ಕಿಲ್ (ನಿಮ್ಮ ಪಾತ್ರದ ಕೌಶಲ) ಏರುತ್ತದೆ, ಯಾವ ಪುಸ್ತಕವಾದರೂ ಆಗುತ್ತದೆ’ ಎಂಬ ಮಾತು ಹೊಸ ಆಟಗಾರರ ನಡುವೆ ಓಡಾಡುತ್ತಿದೆ. ಎರಡೂ ತಪ್ಪು.

2011ರ ಈ ಆಟದಲ್ಲಿ 18 ಸ್ಕಿಲ್‌ಗಳಿವೆ. ಒಂದೊಂದಕ್ಕೂ ಐದರಂತೆ ಒಟ್ಟು 90 ಸ್ಕಿಲ್ ಪುಸ್ತಕಗಳು. ಇವುಗಳಲ್ಲಿ ಒಂದನ್ನು ತೆರೆದರೆ ಸಾಕು, ಆ ಸ್ಕಿಲ್ ಒಂದು ಹಂತ ಮೇಲೇರುತ್ತದೆ. ಆದರೆ ಮೊದಲ ಸಲ ಮಾತ್ರ. ಅದೇ ಪುಸ್ತಕದ ಇನ್ನೊಂದು ಪ್ರತಿ ಸಿಕ್ಕರೆ ಏನೂ ಏರುವುದಿಲ್ಲ. ಸುಮ್ನೆ ಹೊತ್ತು ತಿರುಗಬೇಡಿ, ಮಾರಿಬಿಡಿ.

ಮಂತ್ರದ ಪುಸ್ತಕಗಳ ಲೆಕ್ಕವೇ ಬೇರೆ. ಓದಿದ ಕೂಡಲೇ ಮಂತ್ರ ನಿಮ್ಮದಾಗುತ್ತದೆ, ಪುಸ್ತಕ ಮಾಯವಾಗುತ್ತದೆ. ಉಳಿದ ಕತೆ, ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚಿನವು ಸ್ಕಿಲ್ ಏರಿಸುವುದಿಲ್ಲ. ಕೆಲವು ಪುಸ್ತಕ, ಚೀಟಿ ಓದಿದರೆ ಹೊಸ ಕ್ವೆಸ್ಟ್ (ಆಟದಲ್ಲಿ ಮಾಡಬೇಕಾದ ಕೆಲಸ) ಶುರುವಾಗುತ್ತದೆ. ಅದಕ್ಕೇ ಹೆಣದ ಪಕ್ಕ ಬಿದ್ದ ಚೀಟಿಯನ್ನು ಓದದೆ ಮುಂದೆ ಹೋಗಬೇಡಿ.

ಇನ್ನೊಂದು ಭಯವೂ ಇದೆ, ಅಲ್ವಾ? ಬೇರೆಯವರ ಮನೆಯ ಪುಸ್ತಕ ತೆರೆದರೆ ಕಳ್ಳತನವೇ ಎಂದು. ಅಲ್ಲ. ಇದ್ದಲ್ಲೇ ಓದಿದರೆ ತಪ್ಪಿಲ್ಲ, ಸ್ಕಿಲ್ ಕೂಡ ಏರುತ್ತದೆ. ಎತ್ತಿಕೊಂಡರೆ ಮಾತ್ರ ಕಳ್ಳತನ.